ಹಿಂಬದಿಯಲ್ಲಿ ಏನಿದೆ? ಹಳೆಯ ಹಾಲಿವುಡ್ ಚಿತ್ರ, ಉಡುಪುಗಳ ಮೂಲ ಹುಡುಕುವ ಕೆಲಸ

2024ರ ಡಿಸೆಂಬರ್ 7ರಂದು ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯ ಹರಾಜಿನಲ್ಲಿ ಒಂದು ಜೊತೆ ಹಳೆಯ ಕೆಂಪು ಷೂಗಳು 2.8 ಕೋಟಿ ಡಾಲರಿಗೆ ಹೋದವು. ಶುಲ್ಕವೂ ಸೇರಿ ಕೊಂಡವರು ತೆತ್ತದ್ದು 3.25 ಕೋಟಿ ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 275 ಕೋಟಿ ರೂಪಾಯಿ. 1939ರ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ಡೊರೊಥಿಯ ಪಾತ್ರ ಮಾಡಿದ ಜೂಡಿ ಗಾರ್ಲೆಂಡ್‌ಗಾಗಿ ತಯಾರಾದ ‘ಮಾಣಿಕ್ಯದ ಷೂ’ಗಳು ಅವು. ಮಾಣಿಕ್ಯವೆಂಬುದು ಅವುಗಳಲ್ಲಿ ಒಂದು ಚೂರೂ ಇಲ್ಲ. ಲಾಸ್ ಏಂಜಲೀಸ್‌ನ ಇನ್ಸ್ ಷೂ ಕಂಪನಿಯ ಸಿದ್ಧ ಷೂಗಳನ್ನು ತಂದು, ಕೆಂಪು ಬಣ್ಣ ಹಾಕಿ, ಚಮಕಿ ಹೊಲಿದ ತೆಳುಬಟ್ಟೆಯನ್ನು ಮೇಲೆ ಹೊದಿಸಿದ್ದರು. ಚಿತ್ರ ತಯಾರಿಸಿದ ಎಂಜಿಎಂ ಸ್ಟುಡಿಯೊದ ವಸ್ತ್ರವಿನ್ಯಾಸಕ ಏಡ್ರಿಯನ್ ಅವರ ವಿನ್ಯಾಸ ಅದು. ಕಚ್ಚಾ ಸಾಮಗ್ರಿಯ ಬೆಲೆ ನೋಡಿದರೆ ಮದುವೆ ಮನೆಯ ಚಪ್ಪಲಿಗಿಂತ ಹೆಚ್ಚೇನೂ ಆಗಲಿಕ್ಕಿಲ್ಲ.

ಹಾಗಾದರೆ ಆ ಹಣ ಯಾವುದಕ್ಕೆ? ‘ಇದು ಅದೇ’ ಎಂಬ ಒಂದು ಖಾತರಿಗೆ. ಹಳೆಯ ಹಾಲಿವುಡ್ಡಿನ ಉಡುಪು, ಪ್ರಚಾರದ ಸ್ಥಿರಚಿತ್ರಗಳ ಮಾರುಕಟ್ಟೆಯೆಲ್ಲ ನಿಂತಿರುವುದು ಆ ಖಾತರಿಯ ಮೇಲೆ. ಅದನ್ನು ಕೊಡುವ ಪುರಾವೆ ಮಾತ್ರ ಎದುರಿಗೆ ಕಾಣುವ ಜಾಗದಲ್ಲಿ ಸಿಗುವುದು ಅಪರೂಪ. ಉಡುಪಾದರೆ ಒಳ ಹೊಲಿಗೆಯಲ್ಲಿ, ಚಿತ್ರವಾದರೆ ಕಾಗದದ ಹಿಂಬದಿಯಲ್ಲಿ ಅದನ್ನು ಹುಡುಕಬೇಕು. ಎದುರು ಭಾಗವನ್ನು ಮಾತ್ರ ಸ್ಕ್ಯಾನ್ ಮಾಡಿ ಹಂಚುವ ಈ ಕಾಲದಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಆ ಭಾಗವನ್ನೇ.

ಷೂಗಳ ಕಥೆಯನ್ನು ಸ್ವಲ್ಪ ಬಿಡಿಸಿ ನೋಡೋಣ. 1970ರಲ್ಲಿ ಎಂಜಿಎಂ ತನ್ನ ದಶಕಗಳ ಉಡುಪು, ಪೀಠೋಪಕರಣಗಳನ್ನೆಲ್ಲ ಡೇವಿಡ್ ವೈಸ್ ಎಂಬ ಹರಾಜುದಾರನಿಗೆ ಸಗಟಾಗಿ ಮಾರಿತು. ಸ್ಟುಡಿಯೊದ ಹೊಸ ಒಡೆತನಕ್ಕೆ ಹಳೆಯ ಬಟ್ಟೆಗಳ ರಾಶಿಗಿಂತ ಅದು ಇದ್ದ ಜಾಗವೇ ಮುಖ್ಯವಾಗಿತ್ತು. ಹರಾಜಿಗೆ ಸಿದ್ಧತೆ ಮಾಡುತ್ತಿದ್ದ ಕೆಂಟ್ ವಾರ್ನರ್ ಎಂಬ ಉಡುಪು ವಿಭಾಗದ ಕೆಲಸಗಾರನಿಗೆ ಉಗ್ರಾಣದಲ್ಲಿ ಈ ಷೂಗಳು ಒಂದಲ್ಲ, ಹಲವು ಜೊತೆ ಸಿಕ್ಕವು. ಒಂದು ಜೊತೆಯನ್ನು ಹರಾಜಿಗೆ ಒಪ್ಪಿಸಿ ಉಳಿದವನ್ನು ಆತ ಸದ್ದಿಲ್ಲದೆ ಇಟ್ಟುಕೊಂಡ. ಹರಾಜಿನಲ್ಲಿ ಅವು 15,000 ಡಾಲರಿಗೆ ಹೋದವು. ಕೊಂಡವರಿಗೂ ಪತ್ರಿಕೆಗಳಿಗೂ ಜಗತ್ತಿನಲ್ಲಿ ಇರುವುದು ಅದೊಂದೇ ಜೊತೆ ಎಂಬ ಭಾವನೆ. ಅಷ್ಟರಲ್ಲಿ ಟೆನೆಸಿ ರಾಜ್ಯದ ಮೆಂಫಿಸ್‌ನ ಮಹಿಳೆಯೊಬ್ಬರು ‘ನನ್ನ ಬಳಿಯೂ ಒಂದು ಜೊತೆ ಇದೆ’ ಎಂದರು. 1940ರಲ್ಲಿ ಒಂದು ಸ್ಪರ್ಧೆಯಲ್ಲಿ ಬಹುಮಾನವಾಗಿ ಸ್ಟುಡಿಯೊದಿಂದಲೇ ಅವರಿಗೆ ಅದು ಬಂದಿತ್ತು. ‘ಅಸಲಿ’ ಎಂಬ ಮಾತು ಅಲ್ಲಿಂದಾಚೆಗೆ ಸರಳವಾಗಿ ಉಳಿಯಲಿಲ್ಲ. ಚಿತ್ರೀಕರಣಕ್ಕೆ ಒಂದೇ ಬಗೆಯ ಹಲವು ಜೊತೆಗಳನ್ನು ಮಾಡಿಸುವುದು ಸ್ಟುಡಿಯೊಗಳ ಮಾಮೂಲು ಪದ್ಧತಿ. ಕುಣಿತಕ್ಕೆ ಒಂದು, ಹತ್ತಿರದ ದೃಶ್ಯಕ್ಕೆ ಒಂದು, ಕೆಟ್ಟರೆ ಇರಲಿ ಎಂದು ಇನ್ನೊಂದು. ಇವತ್ತು ಚಿತ್ರೀಕರಣ ಕಾಲದ್ದೆಂದು ತಿಳಿದಿರುವ ಜೊತೆಗಳು ನಾಲ್ಕು.

ಅವುಗಳಲ್ಲಿ ಒಂದು 1979ರಿಂದ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸಂಸ್ಥೆಯಲ್ಲಿದೆ. ಇನ್ನೊಂದು, ಅಂದರೆ ಈಗ ಹರಾಜಾದ ಜೊತೆ, 2005ರ ಆಗಸ್ಟ್‌ನಲ್ಲಿ ಮಿನೆಸೋಟ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ ಜೂಡಿ ಗಾರ್ಲೆಂಡ್ ಮ್ಯೂಸಿಯಮ್ಮಿನಿಂದ ಕಳುವಾಯಿತು. ಕಳ್ಳ ಬಿಟ್ಟುಹೋದದ್ದು ಒಂದು ಕೆಂಪು ಚಮಕಿ. ಅದರಲ್ಲಿರುವುದು ನಿಜವಾದ ಮಾಣಿಕ್ಯ ಎಂದು ನಂಬಿ ಕದ್ದೆ ಎಂಬುದು ಬಹಳ ವರ್ಷಗಳ ನಂತರ ನ್ಯಾಯಾಲಯದಲ್ಲಿ ಹೊರಬಂದ ವಿವರಣೆ. ಗಾಜಿನ ಮಣಿ ಎಂದು ಕಳವು ಮಾಲು ಕೊಳ್ಳುವವನು ತಿಳಿಸಿದಾಗ ಅವನ ಮುಖ ಹೇಗಾಗಿರಬೇಡ! 2018ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಅವುಗಳನ್ನು ವಶಪಡಿಸಿಕೊಂಡಿತು. ಆದರೆ ಸಿಕ್ಕದ್ದು ಕಳುವಾದ ಜೊತೆಯೇ ಅಥವಾ ಯಾರೋ ಚೆನ್ನಾಗಿ ಮಾಡಿದ ನಕಲೇ? ಅದನ್ನು ಹೇಳಲು ಪೊಲೀಸರಿಗೆ ಸಾಧ್ಯವಿರಲಿಲ್ಲ. ಷೂಗಳು ಸ್ಮಿತ್‌ಸೋನಿಯನ್‌ನ ಸಂರಕ್ಷಣಾ ಪ್ರಯೋಗಾಲಯಕ್ಕೆ ಹೋದವು.

ಅಲ್ಲಿ ತಮ್ಮ ಬಳಿಯ ಜೊತೆಯನ್ನು ಉಳಿಸಿಕೊಳ್ಳುವ ಕೆಲಸ ಆಗಲೇ ನಡೆದಿತ್ತು. 2016ರಲ್ಲಿ ಸಾರ್ವಜನಿಕರಿಂದ ಮೂರು ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಎತ್ತಿ ಚಮಕಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದರು. ಆ ಕಾಲದ ಚಮಕಿ ಪ್ಲಾಸ್ಟಿಕ್ಕಿನದಲ್ಲ, ಜೆಲಟಿನ್‌ನದು. ಬಣ್ಣ ಮಾಸಿದ ರೀತಿ, ಪದರಗಳು, ದಾರ ಎಲ್ಲವೂ ಅವರಿಗೆ ಪರಿಚಿತವಾಗಿದ್ದವು. ಅವರ ಕಣ್ಣಿಗೆ ಬಿದ್ದ ಬಲವಾದ ಸುಳಿವು ಒಂದು ದೋಷ: ಷೂವಿನ ಬೋ ಮೇಲೆ ಕೆಂಪು ಮಣಿಯ ಬದಲು, ಬಣ್ಣವಿಲ್ಲದ ಗಾಜಿನ ಮಣಿಗೆ ಕೆಂಪು ಬಳಿದು ಕೂರಿಸಿದ್ದರು. ಚಿತ್ರೀಕರಣದ ಜಾಗದಲ್ಲೇ ಯಾರೋ ಅವಸರದಲ್ಲಿ ಮಾಡಿದ ದುರಸ್ತಿಯಂತೆ ಅದು ಕಾಣುತ್ತದೆ. ಅದೇ ದುರಸ್ತಿ ಎರಡೂ ಜೊತೆಗಳಲ್ಲಿ ಇತ್ತು. ನಕಲು ಮಾಡುವವನು ಚಂದವನ್ನು ನಕಲು ಮಾಡುತ್ತಾನೆ, ಯಾರಿಗೂ ಗೊತ್ತಿಲ್ಲದ ತೇಪೆಯನ್ನಲ್ಲ. ಇನ್ನೂ ಒಂದು ಸಂಗತಿ ಹೊರಬಿತ್ತು. ಸ್ಮಿತ್‌ಸೋನಿಯನ್‌ನ ಎಡ, ಬಲ ಷೂಗಳು ಒಂದಕ್ಕೊಂದು ಸರಿಹೊಂದುವ ಜೋಡಿಯಾಗಿರಲಿಲ್ಲ. ಕಳುವಾಗಿ ಸಿಕ್ಕ ಜೊತೆಯೂ ಅಷ್ಟೇ. ನಾಲ್ಕನ್ನೂ ಒಟ್ಟಿಗೆ ಇಟ್ಟಾಗ ಎರಡು ಸರಿಯಾದ ಜೋಡಿಗಳಾದವು. ಯಾವಾಗಲೋ ಅದಲುಬದಲಾಗಿ ಎರಡು ದಿಕ್ಕಿಗೆ ಹೋಗಿದ್ದವು.

ಉಡುಪುಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಸ್ಟುಡಿಯೊಗಳು ಬಟ್ಟೆಯನ್ನು ಸ್ಮಾರಕವೆಂದು ಕಾಣಲಿಲ್ಲ, ದಾಸ್ತಾನು ಎಂದು ಕಂಡವು. ನಾಯಕಿಯ ಮೈಮೇಲಿದ್ದ ನಿಲುವಂಗಿ ಮುಂದಿನ ಚಿತ್ರದಲ್ಲಿ ಗುಂಪಿನ ನಟಿಯೊಬ್ಬಳಿಗೆ ಹೋಗುತ್ತಿತ್ತು. ತೋಳು ಬಿಚ್ಚಿ, ಸೊಂಟ ಬಿಗಿಮಾಡಿ, ಲೇಸು ಬದಲಿಸುತ್ತಿದ್ದರು. ಎಂಜಿಎಂ 1938ರ ‘ಮೇರಿ ಅಂಟೋನೆಟ್’ ಚಿತ್ರಕ್ಕೆ ಹೊಲಿಸಿದ ಭಾರಿ ಉಡುಪುಗಳು ಹೀಗೆ ಮುಂದಿನ ಹಲವು ಚಿತ್ರಗಳಲ್ಲಿ ತಲೆ ತೋರಿಸಿವೆ. 1912ರಲ್ಲಿ ಶುರುವಾದ ವೆಸ್ಟರ್ನ್ ಕಾಸ್ಟ್ಯೂಮ್ ಕಂಪನಿಯ ವ್ಯಾಪಾರವೇ ಬಾಡಿಗೆಯದು. ಇಂಥ ಉಡುಪಿನ ಕೊರಳಪಟ್ಟಿಯಲ್ಲೋ ಸೊಂಟದ ಒಳಗೋ ಹೊಲಿದ ಚೀಟಿಯಲ್ಲಿ ನಟರ ಹೆಸರು, ಚಿತ್ರದ ಸಂಖ್ಯೆ, ಕೆಲವೊಮ್ಮೆ ಅಳತೆ ಇರುತ್ತದೆ. ಕೆಲವು ಉಡುಪುಗಳಲ್ಲಿ ಒಂದರ ಮೇಲೊಂದು ಎರಡು ಮೂರು ಚೀಟಿ. ಹರಾಜು ಪಟ್ಟಿಗಳು ಇವುಗಳಲ್ಲಿ ಹೆಚ್ಚು ಪ್ರಸಿದ್ಧ ಹೆಸರನ್ನು ದಪ್ಪಕ್ಷರದಲ್ಲಿ ಮುದ್ರಿಸುತ್ತವೆ. ಉಡುಪು ಆ ನಟಿಯ ಮೈಮೇಲಿದ್ದಾಗ ಹೇಗಿತ್ತೋ ಹಾಗೆಯೇ ಉಳಿದಿದೆಯೇ ಎಂಬ ಪ್ರಶ್ನೆಯನ್ನು ಕೊಳ್ಳುವವರು ತಾವೇ ಕೇಳಿಕೊಳ್ಳಬೇಕು.

ಇಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನವೆಂದರೆ ಉಡುಪನ್ನು ಸಿನಿಮಾದ ಒಂದೊಂದು ಫ್ರೇಮಿನೊಂದಿಗೆ ಹೋಲಿಸುವುದು. ಲೇಸಿನ ಹೂವು ಹೊಲಿಗೆಯ ಬಳಿ ಎಲ್ಲಿ ಕತ್ತರಿಸಿದೆ, ಕೈಯಲ್ಲಿ ಹೊಲಿದ ಮಣಿಗಳ ಸಾಲು ಎಲ್ಲಿ ಓರೆಯಾಗಿದೆ, ಚೌಕಳಿಯ ಗೆರೆ ಗುಂಡಿಯ ಪಟ್ಟಿಯಲ್ಲಿ ಎಲ್ಲಿ ಮುರಿದಿದೆ ಎಂದು ನೋಡುತ್ತಾರೆ. ಕೈಕೆಲಸದಲ್ಲಿ ಎರಡು ಉಡುಪುಗಳ ವಿವರ ಪೂರ್ತಿ ಒಂದೇ ಆಗಿರುವುದಿಲ್ಲವಾದ್ದರಿಂದ ಇದು ಒಳ್ಳೆಯ ವಿಧಾನವೇ. ಸ್ಟುಡಿಯೊಗಳು ಪ್ರತಿ ಉಡುಪನ್ನೂ ಪರೀಕ್ಷೆಗಾಗಿ ತೆಗೆಸುತ್ತಿದ್ದ ಸ್ಥಿರಚಿತ್ರಗಳು ಇದಕ್ಕೆ ದೊಡ್ಡ ಆಸರೆ. ನಟಿ ಉಡುಪು ತೊಟ್ಟು ನಿಂತಿರುತ್ತಾಳೆ, ಪಕ್ಕದ ಹಲಗೆಯ ಮೇಲೆ ಚಿತ್ರದ ಸಂಖ್ಯೆ, ಪಾತ್ರ, ದೃಶ್ಯ, ಎಷ್ಟನೆಯ ಉಡುಪು ಎಂಬುದು ಬರೆದಿರುತ್ತದೆ. ಪ್ರಚಾರದ ಹಂಗಿಲ್ಲದ ಆ ಒಣ ಚಿತ್ರಗಳನ್ನು ನಾನು ಯಾವ ಮೋಹಕ ಭಾವಚಿತ್ರಕ್ಕಿಂತಲೂ ಹೆಚ್ಚು ನಂಬುತ್ತೇನೆ. ಮಾರಾಟಗಾರರು ಜೊತೆಗೆ ಕೊಡುವ ‘ಅಸಲಿ ಎಂಬ ಪತ್ರ’ಗಳ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ಎಷ್ಟೋ ಪತ್ರಗಳು ಹೇಳುವುದು ಬರೆದವರ ಅಭಿಪ್ರಾಯವನ್ನು ಮಾತ್ರ.

ಬಟ್ಟೆ ಅಸಲಿ ಎಂದು ಸಿದ್ಧವಾದರೂ ಮೂಲದ ಪ್ರಶ್ನೆ ಮುಗಿಯುವುದಿಲ್ಲ. 2021ರಲ್ಲಿ ವಾಷಿಂಗ್ಟನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ, ಅಂಚೆಪೆಟ್ಟಿಗೆಗಳ ಮೇಲೆ ಮರೆತುಹೋಗಿದ್ದ ಒಂದು ಚೀಲದಲ್ಲಿ ಡೊರೊಥಿಯ ನೀಲಿ ಚೌಕಳಿಯ ಉಡುಪು ಸಿಕ್ಕಿತು. 1973ರಲ್ಲಿ ನಟಿ ಮರ್ಸಿಡಿಸ್ ಮೆಕೇಂಬ್ರಿಜ್ ಅದನ್ನು ನಾಟಕ ವಿಭಾಗ ಕಟ್ಟಿದ ಪಾದ್ರಿ ಗಿಲ್ಬರ್ಟ್ ಹಾರ್ಟ್ಕೆ ಅವರಿಗೆ ಕೊಟ್ಟಿದ್ದರು. ಸ್ಮಿತ್‌ಸೋನಿಯನ್ ತಜ್ಞರು ನೋಡಿ ಅಸಲಿ ಇರಬಹುದೆನ್ನಲು ಆಧಾರಗಳಿವೆ ಎಂದರು. ಒಳಗೆ ಕೈಬರಹದಲ್ಲಿ ಜೂಡಿ ಗಾರ್ಲೆಂಡ್ ಹೆಸರು, ಲಂಗದ ಬಲಭಾಗದಲ್ಲಿ ಕರವಸ್ತ್ರ ಇಡಲು ಮರೆಯಲ್ಲಿ ಹೊಲಿದ ಜೇಬು. ಈ ಉಡುಪಿನ ಇನ್ನೊಂದು ಗುಟ್ಟು ರವಿಕೆಯದು. ತೆರೆಯ ಮೇಲೆ ಅಚ್ಚ ಬಿಳಿಯಾಗಿ ಕಾಣುವ ಅದು ವಾಸ್ತವದಲ್ಲಿ ತಿಳಿ ಗುಲಾಬಿ. ಬಣ್ಣದ ಚಿತ್ರ ತೆಗೆಯುವ ಟೆಕ್ನಿಕಲರ್ ಕ್ಯಾಮೆರಾದ ಮುಂದೆ ಬಿಳಿ ಬಣ್ಣ ಕಣ್ಣು ಕುಕ್ಕುತ್ತಿದ್ದುದರಿಂದ ಆ ಏರ್ಪಾಡು. ಚಿತ್ರ ನೋಡಿಕೊಂಡು ನಕಲು ಹೊಲಿಯುವವನು ಬಿಳಿ ಬಟ್ಟೆ ತಂದೇ ಸಿಕ್ಕಿಬೀಳುತ್ತಾನೆ. 2022ರ ಮೇ ತಿಂಗಳಲ್ಲಿ ಉಡುಪು ಹರಾಜಿಗೆ ಬರಬೇಕಿತ್ತು. ಕೊಟ್ಟದ್ದು ಪಾದ್ರಿಗೋ ವಿಭಾಗಕ್ಕೋ ಎಂದು ಅವರ ಕುಟುಂಬದವರು ದಾವೆ ಹೂಡಿ, ನ್ಯಾಯಾಧೀಶರು ಹರಾಜು ತಡೆದರು. ಒಂದು ಸಾಲಿನ ಕೊಡುಗೆ ಪತ್ರ ಇದ್ದಿದ್ದರೆ ಈ ವ್ಯಾಜ್ಯವೇ ಇರುತ್ತಿರಲಿಲ್ಲ.

ಮೂಲದ ಕಥೆಗಳನ್ನು ಸ್ಟುಡಿಯೊಗಳೇ ಕಟ್ಟುತ್ತಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಇದೇ ಚಿತ್ರದಲ್ಲಿ ಪ್ರೊಫೆಸರ್ ಮಾರ್ವೆಲ್ ಪಾತ್ರಕ್ಕೆ ಹಳೆ ಬಟ್ಟೆ ಅಂಗಡಿಯಿಂದ ಒಂದು ಜೀರ್ಣವಾದ ಕೋಟು ತಂದರಂತೆ. ಜೇಬು ತಿರುವಿ ನೋಡಿದರೆ ಮೂಲ ಕಾದಂಬರಿಯ ಲೇಖಕ ಎಲ್. ಫ್ರ್ಯಾಂಕ್ ಬೌಮ್ ಅವರ ಹೆಸರು! ಶಿಕಾಗೊದ ದರ್ಜಿಯೂ ಲೇಖಕರ ಪತ್ನಿಯೂ ಹೌದೆಂದರು ಎಂಬ ಮಾತೂ ಸೇರಿಕೊಂಡಿತು. ಹೇಳಿದವರು ಎಂಜಿಎಂನ ಪ್ರಚಾರ ವಿಭಾಗದವರು. ಚಿತ್ರತಂಡದ ಬೇರೆ ಕೆಲವರೂ ನಿಜವೆಂದೇ ಸಾಧಿಸಿದ್ದಾರೆ. ಕಥೆ ಇಷ್ಟು ಸೊಗಸಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ.

ಪ್ರಚಾರ ಚಿತ್ರಗಳತ್ತ ಬಂದರೆ ಇಲ್ಲೂ ಅದೇ ವಿಭಾಗದ ಕೈ. 1920ರಿಂದ 50ರವರೆಗೆ ಪ್ರತಿ ದೊಡ್ಡ ಸ್ಟುಡಿಯೊ ತನ್ನದೇ ಛಾಯಾಗ್ರಾಹಕರನ್ನು ಇಟ್ಟುಕೊಂಡಿತ್ತು. ಎಂಜಿಎಂನಲ್ಲಿ ರೂತ್ ಹ್ಯಾರಿಯೆಟ್ ಲೂಯಿಸ್, ಕ್ಲಾರೆನ್ಸ್ ಸಿಂಕ್ಲೇರ್ ಬುಲ್, ಜಾರ್ಜ್ ಹರೆಲ್. ಪ್ಯಾರಾಮೌಂಟ್‌ನಲ್ಲಿ ಯೂಜೀನ್ ರಾಬರ್ಟ್ ರಿಚೀ. ಆರ್‌ಕೆಒದಲ್ಲಿ ಅರ್ನೆಸ್ಟ್ ಬ್ಯಾಕ್ರಾಕ್. ಭಾವಚಿತ್ರಗಳನ್ನು ಎಂಟು ಇಂಚು ಅಗಲ, ಹತ್ತು ಇಂಚು ಉದ್ದದ ನೆಗೆಟಿವ್‌ನಲ್ಲಿ ತೆಗೆದು, ನೆಗೆಟಿವ್ ಮೇಲೆಯೇ ಕಾಗದವಿಟ್ಟು ಅಚ್ಚು ತೆಗೆಯುತ್ತಿದ್ದರು. ರೆಪ್ಪೆಯ ಕೂದಲನ್ನೂ ಎಣಿಸುವಷ್ಟು ಸ್ಪಷ್ಟತೆ ಬರುವುದು ಅದರಿಂದ. ಅಚ್ಚಿನಿಂದ ಮತ್ತೆ ಫೋಟೊ ತೆಗೆದು ಮಾಡಿದ ಪ್ರತಿಯಲ್ಲಿ ಆ ಸ್ಪಷ್ಟತೆ ಇರುವುದಿಲ್ಲ. ಬೆಳಕಿನ ಭಾಗ ಸುಣ್ಣ ಬಳಿದಂತೆ, ನೆರಳು ಮಸಿಯಂತೆ ಆಗುತ್ತದೆ. ಹಳೆಯ ಅಚ್ಚಿನ ಮಡಿಕೆಯ ಗೆರೆ ಹೊಸ ಕಾಗದದಲ್ಲಿ ಮುದ್ರಿತವಾಗಿ ಕಾಣುತ್ತದೆ, ಬೆರಳಾಡಿಸಿದರೆ ಮಾತ್ರ ನುಣುಪು.

ಚಿತ್ರದ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಸ್ಟುಡಿಯೊ ಪ್ರತಿ ಸಿನಿಮಾಕ್ಕೂ ಒಂದು ಸಂಕೇತ ಕೊಡುತ್ತಿತ್ತು. ‘ವಿಜರ್ಡ್ ಆಫ್ ಆಜ್’ಗೆ 1060, ನಿರ್ಮಾಪಕ ಸೆಲ್ಜ್‌ನಿಕ್‌ನ ‘ಗಾನ್ ವಿತ್ ದಿ ವಿಂಡ್’ಗೆ ಎಸ್‌ಐಪಿ-108. ಅದರ ಮುಂದಿನದು ಸ್ಥಿರಚಿತ್ರದ ಕ್ರಮಸಂಖ್ಯೆ. ಗುರುತಿಲ್ಲದ ನಟಿಯ ಚಿತ್ರವಾದರೂ ಈ ಸಂಖ್ಯೆ ಸಿಕ್ಕರೆ ಯಾವ ಸಿನಿಮಾ, ಸುಮಾರು ಯಾವ ಹಂತ ಎಂದು ತಿಳಿಯಬಹುದು. 1938ರ ಅಕ್ಟೋಬರ್‌ನಲ್ಲಿ ರಿಚರ್ಡ್ ಥೋರ್ಪ್ ನಿರ್ದೇಶನದಲ್ಲಿ ಎರಡು ವಾರ ಚಿತ್ರೀಕರಿಸಿ ಕೈಬಿಟ್ಟ ಭಾಗದಲ್ಲಿ ಡೊರೊಥಿಗೆ ಹೊಂಬಣ್ಣದ ಕೂದಲಿತ್ತು, ಮುಖಕ್ಕೆ ದಪ್ಪ ಬಣ್ಣವಿತ್ತು. ಅದು ನಮಗೆ ಗೊತ್ತಾಗುವುದು ಉಳಿದ ಸ್ಥಿರಚಿತ್ರಗಳಿಂದ. ಅಂಚಿನಲ್ಲಿ ‘ಆರ್’ ಅಕ್ಷರದೊಂದಿಗೆ ಇಸವಿಯ ಎರಡು ಅಂಕಿ ಇದ್ದರೆ ಅದು ಪ್ರಚಾರ ಸಾಮಗ್ರಿ ಹಂಚುತ್ತಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಸಂಸ್ಥೆ ಮರುಬಿಡುಗಡೆಗಾಗಿ ಹಂಚಿದ್ದು. 1939ರ ಚಿತ್ರವೇ ಹೌದು, 1939ರ ಕಾಗದವಲ್ಲ. ಬೆಲೆಯಲ್ಲಿ ಇದು ಭಾರಿ ವ್ಯತ್ಯಾಸ.

ಇನ್ನು ಹಿಂಬದಿ. ಛಾಯಾಗ್ರಾಹಕನ ಮುದ್ರೆ, ಪತ್ರಿಕಾ ಕಚೇರಿಗೆ ಬಂದ ದಿನಾಂಕದ ಮೊಹರು, ಸಂಪಾದಕ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಅಳತೆ, ಹಾಲಿವುಡ್ಡಿನ ಸೆನ್ಸಾರ್ ನೋಡುತ್ತಿದ್ದ ಹೇಸ್ ಕಚೇರಿಯ ಒಪ್ಪಿಗೆಯ ಗುರುತು, ಪ್ರಚಾರ ವಿಭಾಗ ಅಂಟಿಸಿದ ವಿವರಣೆಯ ಚೀಟಿ. ಚೀಟಿಯಲ್ಲಿರುವ ಸುದ್ದಿ ಸುಳ್ಳಿರಬಹುದು. ಮುಂಬಯಿಯಲ್ಲಿ ಹುಟ್ಟಿದ ನಟಿ ಮರ್ಲ್ ಓಬೆರಾನ್ ಅವರನ್ನು ಟಾಸ್ಮೇನಿಯಾದವರು ಎಂದು ದಶಕಗಟ್ಟಲೆ ನಂಬಿಸಿದ್ದು ಇಂಥ ಪ್ರಚಾರವೇ. ಆದರೆ ಚೀಟಿಯ ಕಾಗದ, ಶಾಯಿ, ಬೆರಳಚ್ಚಿನ ಅಕ್ಷರ ತಮ್ಮ ಕಾಲವನ್ನು ಬಚ್ಚಿಡಲಾರವು. ಫೋಟೊ ಕಾಗದವೂ ಹಾಗೆಯೇ. 1950ರ ದಶಕದಿಂದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕಗಳನ್ನು ಸೇರಿಸತೊಡಗಿದರು. ನೇರಳಾತೀತ ದೀಪದ ಕೆಳಗೆ ಆ ಕಾಗದ ನೀಲಿಯಾಗಿ ಹೊಳೆಯುತ್ತದೆ. 1990ರ ದಶಕದ ಕೊನೆಯಲ್ಲಿ, 1940ರಲ್ಲೇ ತೀರಿಕೊಂಡ ಛಾಯಾಗ್ರಾಹಕ ಲೂಯಿಸ್ ಹೈನ್ ಅವರದೆಂದು ಮಾರಾಟವಾಗಿದ್ದ ಅಚ್ಚುಗಳು ಹೀಗೆ ಹೊಳೆದು ಕಲಾಮಾರುಕಟ್ಟೆಯಲ್ಲಿ ದೊಡ್ಡ ಹಗರಣವಾಯಿತು. ಹೊಳೆಯದ ಮಾತ್ರಕ್ಕೆ ಹಳೆಯದು ಎನ್ನುವಂತಿಲ್ಲ, ಆ ರಾಸಾಯನಿಕವಿಲ್ಲದ ಕಾಗದ ಆಮೇಲೂ ಬಂದಿದೆ. ಹೊಳೆದರೆ ಮಾತ್ರ 1930ರದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದೂ ಜಾಲತಾಣಗಳಲ್ಲಿ ಹರಿದಾಡುವುದು ಎದುರು ಭಾಗ ಮಾತ್ರ, ಅದೂ ಅಂಚು ಕತ್ತರಿಸಿ, ಸಂಖ್ಯೆ ಹೋಗಿ. ಮೇಲೆ ಕೃತಕ ಬುದ್ಧಿಮತ್ತೆಯ ‘ಸುಧಾರಣೆ’. ಮಸುಕಾದ ಲೇಸನ್ನು ಸ್ಪಷ್ಟಗೊಳಿಸುವ ತಂತ್ರಾಂಶ ಮೂಲದಲ್ಲಿದ್ದ ಹೂವನ್ನು ಮರಳಿ ತರುವುದಿಲ್ಲ, ತನಗೆ ತೋಚಿದ ಹೂವನ್ನು ಬಿಡಿಸುತ್ತದೆ. ಉಡುಪನ್ನು ಹೋಲಿಸಿ ನೋಡುವವರಿಗೆ ಬೇಕಾದದ್ದು ಅದೇ ಹೂವು. ಕಪ್ಪು ಬಿಳುಪಿಗೆ ಬಣ್ಣ ತುಂಬುವ ತಂತ್ರಾಂಶಕ್ಕೆ ಡೊರೊಥಿಯ ರವಿಕೆ ಗುಲಾಬಿಯೆಂದು ಹೊಳೆಯುವುದಾದರೂ ಹೇಗೆ? ಇಂಥ ಚಿತ್ರಗಳು ಮೂಲಕ್ಕಿಂತ ಹೆಚ್ಚು ಹಂಚಿಕೆಯಾಗಿ, ಹುಡುಕಾಟದಲ್ಲಿ ಮೊದಲು ಸಿಗುವಂತಾಗಿವೆ.

ಹಳೆಯ ಚಿತ್ರಗಳೇ ಸಾಕ್ಷಿಯಾಗಬೇಕಾದ ಸಂದರ್ಭಗಳೂ ಬರುತ್ತವೆ. 1962ರಲ್ಲಿ ಮೆರಿಲಿನ್ ಮನ್ರೊ ಅಧ್ಯಕ್ಷ ಕೆನಡಿಯವರ ಹುಟ್ಟುಹಬ್ಬಕ್ಕೆ ತೊಟ್ಟ, ಜಾನ್ ಲೂಯಿ ವಿನ್ಯಾಸದ ಉಡುಪನ್ನು 2022ರ ಮೇ ತಿಂಗಳಲ್ಲಿ ಟಿವಿ ತಾರೆ ಕಿಮ್ ಕರ್ದಾಶಿಯನ್ ತೊಟ್ಟರು. 2016ರಲ್ಲಿ ಅದನ್ನು 48 ಲಕ್ಷ ಡಾಲರಿಗೆ ಕೊಂಡಿದ್ದ, ವಿಚಿತ್ರ ವಸ್ತುಗಳ ಸಂಗ್ರಹಾಲಯ ನಡೆಸುವ ರಿಪ್ಲೀಸ್ ಸಂಸ್ಥೆಯೇ ಕೊಟ್ಟದ್ದು. ಆಮೇಲೆ ಹೊಲಿಗೆ ಜಗ್ಗಿದ, ಹರಳು ಉದುರಿದ ಚಿತ್ರಗಳು ಹೊರಬಂದವು. ಹಾನಿ ಮೊದಲೇ ಇತ್ತು ಎಂದು ಸಂಸ್ಥೆ 2017ರ ವರದಿಯೊಂದನ್ನು ತೋರಿಸಿತು. ಯಾರ ಮಾತು ಸರಿ ಎನ್ನಲು ಬೇಕಾದದ್ದು ದಿನಾಂಕ ಖಚಿತವಿರುವ ಚಿತ್ರಗಳು. ಅಭಿಪ್ರಾಯಗಳಿಗೇನೂ ಬರವಿರಲಿಲ್ಲ.

ಹಕ್ಕಿನ ಪ್ರಶ್ನೆಯನ್ನೂ ಹಿಂಬದಿಯೇ ತೀರ್ಮಾನಿಸುವುದುಂಟು. ಆ ಕಾಲದ ಅಮೆರಿಕದ ಕಾನೂನಿನಂತೆ ಪ್ರಕಟಿಸುವಾಗ ಕೃತಿಸ್ವಾಮ್ಯದ ಸೂಚನೆ ಇಲ್ಲದಿದ್ದರೆ ಹಕ್ಕು ಹೋದಂತೆ. ಪುಕ್ಕಟೆ ಪ್ರಚಾರ ಬಯಸಿದ ಸ್ಟುಡಿಯೊಗಳು ಎಷ್ಟೋ ಚಿತ್ರಗಳನ್ನು ಸೂಚನೆಯಿಲ್ಲದೆ ಹಂಚಿದವು. ವಾರ್ನರ್ ಬ್ರದರ್ಸ್ ಹೂಡಿದ ಮೊಕದ್ದಮೆಯೊಂದರಲ್ಲಿ 2011ರಲ್ಲಿ ಅಮೆರಿಕದ ಎಂಟನೆಯ ವಲಯದ ಮೇಲ್ಮನವಿ ನ್ಯಾಯಾಲಯ ‘ವಿಜರ್ಡ್ ಆಫ್ ಆಜ್’, ‘ಗಾನ್ ವಿತ್ ದಿ ವಿಂಡ್’ ಚಿತ್ರಗಳ ಪ್ರಚಾರ ಸಾಮಗ್ರಿ ಸಾರ್ವಜನಿಕ ಸ್ವತ್ತು ಎಂದಿತು. ಹೊಸ ಸರಕುಗಳಲ್ಲಿ ಆ ಪಾತ್ರಗಳನ್ನು ಬೆರೆಸಿ ಬಳಸುವುದಕ್ಕೆ ಮಾತ್ರ ಮಿತಿ ಹಾಕಿತು.

ನಮ್ಮ ಕಡೆಯ ಒಬ್ಬರ ಚಿತ್ರಗಳಿಗೂ ಈ ಹಿಂಬದಿಯ ಪರೀಕ್ಷೆ ಆಗಬೇಕಾಗಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮೈಸೂರು ಮಹಾರಾಜರ ಮಾವುತನ ಮಗ ಸಾಬು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದ ಹುಡುಗ. ಅವರ ಹೆಸರಿನ ಬಗ್ಗೆಯೇ ಎರಡು ಮಾತಿದೆ; ‘ದಸ್ತಗೀರ್’ ಅಣ್ಣನ ಹೆಸರು, ಕಾಗದಪತ್ರದಲ್ಲಿ ತಪ್ಪಾಗಿ ಸೇರಿತು ಎನ್ನುವವರಿದ್ದಾರೆ. ಚಿತ್ರಗಳ ಗೊಂದಲ ಇನ್ನೂ ಹೆಚ್ಚು. ‘ಎಲಿಫೆಂಟ್ ಬಾಯ್’ನ ಹೊರಾಂಗಣ ಮೈಸೂರು ಸೀಮೆಯದು, ಒಳಾಂಗಣ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೊದ್ದು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಡೆನ್‌ಹ್ಯಾಮ್‌ನಲ್ಲಿ ಆರಂಭವಾಗಿ ಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಯಿತು. 1942ರ ‘ಜಂಗಲ್ ಬುಕ್’ನ ಕಾಡು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದು. ಮರಗಳ ನಡುವೆ ಬರಿಮೈಯಲ್ಲಿ ನಿಂತ ಸಾಬು ಚಿತ್ರಕ್ಕೆ ‘ಕಾಕನಕೋಟೆಯ ಕಾಡಿನಲ್ಲಿ’ ಎಂದು ಬರೆಯುವ ಮೊದಲು ಹಿಂಬದಿಯಲ್ಲಿರುವ ಮುದ್ರೆ ಯಾರದು, ಯಾವ ಚಿತ್ರದ್ದು ಎಂದು ನೋಡಬೇಕು. ಹುಡುಗನ ವಯಸ್ಸು ಹನ್ನೆರಡರ ಆಸುಪಾಸೋ ಹದಿನೆಂಟೋ ಅಂದಾಜು ಮಾಡಬೇಕು. ಮುಂಡಾಸು ಸುತ್ತಿಸಿ ತೆಗೆದ ಹಾಲಿವುಡ್ ಭಾವಚಿತ್ರಗಳಲ್ಲಿ ಆ ಮುಂಡಾಸು ಮೈಸೂರಿನದಲ್ಲ, ಸ್ಟುಡಿಯೊದ ಉಡುಪು ವಿಭಾಗದ್ದು.

ದಾಖಲೆ ಹುಡುಕುವವರಿಗೆ ದಾರಿಗಳು ಈಗ ಮೊದಲಿಗಿಂತ ಹೆಚ್ಚಿವೆ. ಬೆವರ್ಲಿ ಹಿಲ್ಸ್‌ನ ಮಾರ್ಗರೆಟ್ ಹೆರಿಕ್ ಸಿನಿಮಾ ಗ್ರಂಥಾಲಯದಲ್ಲಿ ಒಂದು ಕೋಟಿಗೂ ಹೆಚ್ಚು ಚಿತ್ರಗಳಿವೆ. ಆಸ್ಟಿನ್‌ನ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿ ‘ಗಾನ್ ವಿತ್ ದಿ ವಿಂಡ್’ನ ನಾಯಕಿ ಸ್ಕಾರ್ಲೆಟ್ ಓ’ಹಾರಾಳ ಹಸಿರು ಪರದೆಯ ಉಡುಪೂ ಅದನ್ನು ಮಾಡಿಸಿದ ನಿರ್ಮಾಪಕ ಸೆಲ್ಜ್‌ನಿಕ್‌ನ ಕಡತಗಳೂ ಒಂದೇ ಸೂರಿನಡಿ ಇವೆ. ಫೋಟೊಪ್ಲೇಯಂಥ ಹಳೆಯ ಸಿನಿಮಾ ಪತ್ರಿಕೆಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಉಚಿತವಾಗಿ ತೆರೆದಿಟ್ಟಿದೆ. ಒಂದು ಚಿತ್ರ ಮೊದಲು ಅಚ್ಚಾದ ತಿಂಗಳನ್ನು ಅಲ್ಲಿ ಮನೆಯಿಂದಲೇ ಹುಡುಕಬಹುದು. ‘ಎಲಿಫೆಂಟ್ ಬಾಯ್’ನ 1935-36ರ ಆ ಮೈಸೂರು ಚಿತ್ರೀಕರಣದ ಫೋಟೊಗಳು ಇಲ್ಲಿನ ಯಾರದಾದರೂ ಟ್ರಂಕಿನಲ್ಲಿ ಉಳಿದಿದ್ದರೆ ಮಾಡಬೇಕಾದ ಕೆಲಸ ಸರಳ: ಎರಡೂ ಬದಿಯನ್ನು ಅಂಚು ಕತ್ತರಿಸದೆ ಸ್ಕ್ಯಾನ್ ಮಾಡುವುದು, ಅಂಟಿಸಿದ ಚೀಟಿಯನ್ನು ಕೀಳದಿರುವುದು, ಮನೆಗೆ ಅದು ಯಾರಿಂದ ಬಂತೆಂದು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡುವುದು. ಲ್ಯಾಮಿನೇಷನ್ ಮಾತ್ರ ಬೇಡ.